ಸಹಾಯ ಬೇಕು: ಮರದ ತುದಿಯ ಈ ವಾರ್ಬ್ಲರ್ (ಹುಳ ತಿನ್ನುವ ಪುಟ್ಟ ಹಕ್ಕಿ) ಯಾವುದು?

ನಮಸ್ಕಾರ. ಶಿರಸಿ ಹತ್ತಿರ ನಮ್ಮ ತೋಟದ ಮೇಲಿನ ಬೆಟ್ಟದಲ್ಲಿ ಚಳಿ ಶುರುವಾದಾಗಿನಿಂದ ಒಂದು ಪುಟ್ಟ ಹಕ್ಕಿ ಇದೆ. ಗುಬ್ಬಿಗಿಂತ ಚಿಕ್ಕದು. ಬೆನ್ನು ಹಸಿರು, ಹೊಟ್ಟೆ ಮಾಸಲು ಬಿಳಿ, ಕಣ್ಣಿನ ಮೇಲೆ ತಿಳಿ ಹುಬ್ಬು. ಮರದ ತುದಿಯಲ್ಲೇ ಎಲೆಗಳ ನಡುವೆ ಹುಳ ಹೆಕ್ಕುತ್ತದೆ, ಕೆಳಗೆ ಇಳಿಯುವುದೇ ಇಲ್ಲ.

ಗ್ರೀನಿಶ್ ವಾರ್ಬ್ಲರ್ ಇರಬಹುದಾ, ಇಲ್ಲಾ ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್? ಎರಡೂ ಚಳಿಗಾಲಕ್ಕೆ ಪಶ್ಚಿಮ ಘಟ್ಟಕ್ಕೆ ಬರುತ್ತವೆ. ಎರಡನೆಯದಕ್ಕೆ ನೆತ್ತಿಯ ನಡುವೆ ತಿಳಿ ಗೆರೆ ಇರುತ್ತದೆ. ಆದರೆ ಕೆಳಗೆ ನಿಂತವರಿಗೆ ನೆತ್ತಿ ಹೇಗೆ ಕಾಣಬೇಕು? ಗುರುತಿಗೆ ನೋಡುವ ರೆಕ್ಕೆಯ ತಿಳಿ ಪಟ್ಟಿಯೂ ಸವೆದು ಮಾಸಿರುತ್ತದೆ ಅಲ್ವಾ. ಕೆಳಕೊಕ್ಕು ತಿಳಿ ಬಣ್ಣ, ಹಾಗಾಗಿ ಇವುಗಳಂತೆಯೇ ಕಾಣುವ ಲಾರ್ಜ್-ಬಿಲ್ಡ್ ಲೀಫ್ ವಾರ್ಬ್ಲರ್ ಅಲ್ಲ ಅನಿಸುತ್ತದೆ.

ನನಗೆ ಕೂಗಿನ ಮೇಲೇ ನಂಬಿಕೆ ಜಾಸ್ತಿ. ರೆಕಾರ್ಡಿಂಗ್ ಹಾಕಿದ್ದೇನೆ. ದಯವಿಟ್ಟು ಕೇಳಿ, ಯಾವುದು ಮತ್ತು ಯಾಕೆ ಅಂತ ತಿಳಿಸಿ.