ಪ್ರಶ್ನೋತ್ತರ: ಶೆಲ್ಟರ್‌ನಿಂದ ತಂದ ನಾಯಿಗೆ ಉಣ್ಣೆ ಜ್ವರ, ಮೊದಲು ಏನು ಮಾಡಲಿ?

ಪ್ರಶ್ನೆ:
ನಮಸ್ಕಾರ ಡಾಕ್ಟ್ರೇ. ನಾವು ತುಮಕೂರಿನ ಶೆಟ್ಟಿಹಳ್ಳಿ ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ದತ್ತು ತಗೊಳ್ಳುವವರು ಸಿಗುವ ತನಕ ಇಟ್ಟುಕೊಳ್ಳಿ ಅಂತ ಶೆಲ್ಟರ್‌ನವರು ಒಂದು ನಾಟಿ ಹೆಣ್ಣು ನಾಯಿ ಕೊಟ್ಟಿದ್ದಾರೆ. ತೂಕ 14 ಕೆ.ಜಿ. ರಕ್ತ ಪರೀಕ್ಷೆಯಲ್ಲಿ ಎರ್ಲಿಕಿಯಾ (ರಕ್ತ ಹೀರುವ ಉಣ್ಣೆ ಹುಳ ಕಚ್ಚಿ ಬರುವ ಜ್ವರ) ಅಂತ ಬಂದಿದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ 48 ಸಾವಿರ. ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟಿದ್ದಾರೆ. ಬೆಳಗ್ಗೆ ಹಾಲಿಗೆ ಹಾಕಿ ಕೊಡುತ್ತೇನೆ, ಕುಡಿದು ಸ್ವಲ್ಪ ಹೊತ್ತಿಗೆ ವಾಂತಿ. ಕಿವಿ ಅಂಚಲ್ಲಿ, ಮೊಣಕೈ ಹತ್ತಿರ ಕೂದಲು ಉದುರಿದೆ, ಸದಾ ಕೆರೆದುಕೊಳ್ಳುತ್ತದೆ. ಭಾನುವಾರ ಸಂತಾನಹರಣ ಆಪರೇಷನ್ ಕ್ಯಾಂಪ್ ಇದೆ, ಕರೆತನ್ನಿ, ಲಸಿಕೆಯೂ ಹಾಕಿಸೋಣ ಅಂತಿದ್ದಾರೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಅತ್ತೆ ದಿನಾ ಬೈಯುತ್ತಿದ್ದಾರೆ.

ಪಶುವೈದ್ಯರ ಉತ್ತರ:
ಭಾನುವಾರ ಬೇಡ ಮೇಡಂ. ಖಂಡಿತ ಬೇಡ. ಪ್ಲೇಟ್‌ಲೆಟ್ ಎರಡು ಲಕ್ಷದ ಮೇಲಿರಬೇಕಾದ ನಾಯಿಗೆ 48 ಸಾವಿರ ಇದ್ದಾಗ ಕತ್ತರಿ ಹಾಕಿದರೆ ರಕ್ತ ನಿಲ್ಲುವುದೇ ಕಷ್ಟ. ಜ್ವರ ಇರುವಾಗ ಲಸಿಕೆಯೂ ಬೇಡ, ರೇಬೀಸ್ ಲಸಿಕೆ ಹಾಕಿದ್ದಾರಾ ಅಂತ ಮಾತ್ರ ಈಗಲೇ ಕೇಳಿ, ಚೀಟಿ ಇಸ್ಕೊಳ್ಳಿ. ಪಾಪ ಅನ್ನಿಸಿ ಎಲ್ಲವನ್ನೂ ಮೊದಲ ವಾರವೇ ಮಾಡಿಸಿಬಿಡಬೇಕು ಅನ್ನಿಸುತ್ತದೆ, ಶೆಲ್ಟರ್‌ನವರಿಗೂ ಕ್ಯಾಂಪ್ ಸಿಕ್ಕಾಗ ಮುಗಿಸುವ ಅವಸರ. ಈ ತಿಂಗಳು ಎರಡೇ ಕೆಲಸ: ಮಾತ್ರೆ ತಪ್ಪಿಸಬಾರದು, ಉಣ್ಣೆ ಉಳಿಯಬಾರದು.

ಹಾಲು ನಿಲ್ಲಿಸಿ. ಹಾಲಿನ ಕ್ಯಾಲ್ಸಿಯಂ ಈ ಔಷಧಿಯನ್ನು ಹಿಡಿದುಕೊಳ್ಳುತ್ತದೆ, ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಖಾಲಿ ಹೊಟ್ಟೆಗೆ ಕೊಟ್ಟರಂತೂ ವಾಂತಿ ಗ್ಯಾರಂಟಿ. ಮೊದಲು ನಾಲ್ಕು ತುತ್ತು ಅನ್ನ, ಆಮೇಲೆ ಬೇಯಿಸಿದ ಕೋಳಿ ತುಂಡಿನೊಳಗೆ ಮಾತ್ರೆ, ಹಿಂದೆಯೇ ಮತ್ತೆ ಊಟ, ನೀರು. ಗಂಟಲಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ. ಸಾಮಾನ್ಯವಾಗಿ 28 ದಿನ ಕೊಡುತ್ತೇವೆ. ಒಂದೆರಡು ದಿನಕ್ಕೇ ಜ್ವರ ಇಳಿದು ಬಾಲ ಆಡಿಸಲು ಶುರು ಮಾಡುತ್ತದೆ, ಅಲ್ಲೇ ಜಾಸ್ತಿ ಜನ ನಿಲ್ಲಿಸುವುದು. ರೋಗಾಣು ಗುಲ್ಮ, ಮೂಳೆಮಜ್ಜೆಯಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ ಮತ್ತೆ ಬಂದರೆ, ಆಗ ಮಜ್ಜೆಯೇ ಸೋತಿರಬಹುದು.

ಇನ್ನೊಂದು. ಪ್ಲೇಟ್‌ಲೆಟ್ ಗುಂಪುಗಟ್ಟಿದ್ದರೆ ಮೆಷಿನ್ ಕಡಿಮೆ ತೋರಿಸುತ್ತದೆ. ಮುಂದಿನ ಸಲ ಸ್ಲೈಡ್ ಹಾಕಿ ಕಣ್ಣಲ್ಲಿ ನೋಡಿ ಎಣಿಸಲು ಹೇಳಿ.

ಊಟಕ್ಕೆ ರಾಗಿ ಮುದ್ದೆ ಕೊಡಿ, ತಪ್ಪಿಲ್ಲ, ಆದರೆ ಅದೊಂದರಲ್ಲೇ ರಕ್ತ ತುಂಬಿಕೊಳ್ಳುವುದಿಲ್ಲ. ಮೊಟ್ಟೆ, ಮೂಳೆ ತೆಗೆದ ಕೋಳಿ ಬೇಕು. ನಿಮ್ಮ ಮನೆಯ ಸಾರು ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ.

ಸದಸ್ಯರೊಬ್ಬರು:
ಪಪ್ಪಾಯ ಎಲೆ ರಸ ಕೊಡಿ ಅಕ್ಕ, ಡೆಂಗ್ಯೂಗೆ ಎಲ್ಲಾ ಕುಡಿಯುತ್ತಾರಲ್ವಾ. ಜ್ವರಕ್ಕೆ ಅರ್ಧ ಪ್ಯಾರಾಸಿಟಮಾಲ್. ಕಜ್ಜಿಗೆ ನಮ್ಮೂರಲ್ಲಿ ಗ್ಯಾರೇಜ್‌ನ ಹಳೆ ಆಯಿಲ್ ಹಚ್ಚುತ್ತಾರೆ.

ಪಶುವೈದ್ಯರು:
ಮೂರೂ ಬೇಡ ಸರ್. ಆ ಕಹಿ ರಸಕ್ಕೆ ವಾಂತಿಯಾದರೆ ಒಳಗೆ ಹೋದ ಮಾತ್ರೆಯೂ ಹೊರಗೆ. ಪ್ಯಾರಾಸಿಟಮಾಲ್ ಲೆಕ್ಕ ತಪ್ಪಿದರೆ ನಾಯಿಯ ಲಿವರ್ ಹೋಗುತ್ತದೆ, ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ನೋವಿನ ಮಾತ್ರೆಗಳು ಇನ್ನೂ ಕೆಟ್ಟದ್ದು, ಹೊಟ್ಟೆಯಲ್ಲೇ ರಕ್ತಸ್ರಾವ ಮಾಡುತ್ತವೆ. ಆಯಿಲ್ ಅಂತೂ, ಅದು ಮೈ ನೆಕ್ಕಿಕೊಳ್ಳುವ ಪ್ರಾಣಿ, ಸ್ವಲ್ಪ ಯೋಚನೆ ಮಾಡಿ. ಕಜ್ಜಿಗೆ ಅಂತ ದನದ ಐವರ್ಮೆಕ್ಟಿನ್ (ಹುಳದ ಔಷಧಿ) ಇಂಜೆಕ್ಷನ್ ತಂದು ಅಂದಾಜಿಗೆ ಚುಚ್ಚುವವರೂ ಇದ್ದಾರೆ, ಅದೂ ಬೇಡ.

ಪ್ರಶ್ನೆ ಕೇಳಿದವರು:
ಮಗುವಿಗೆ ಹರಡುತ್ತದಾ ಸರ್? ಅತ್ತೆಗೆ ಅದೇ ಭಯ. ನಿನ್ನೆ ಗೋಡೆ ಮೇಲೂ ಒಂದು ಉಣ್ಣೆ ಹತ್ತುತ್ತಿತ್ತು.

ಪಶುವೈದ್ಯರು:
ನಾಯಿಯನ್ನು ಮುಟ್ಟಿದ ಮಾತ್ರಕ್ಕೆ ಈ ಜ್ವರ ಬರುವುದಿಲ್ಲ, ಉಣ್ಣೆ ಕಚ್ಚಿಯೇ ಹರಡಬೇಕು. ಹಾಗಾಗಿ ಗೋಡೆ ಮೇಲಿನದ್ದೇ ನಿಜವಾದ ಸಮಸ್ಯೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ನಾಯಿಯಿಂದ ಇಳಿದು ಗೋಡೆ ಬಿರುಕು, ಬಾಗಿಲ ಸಂದು, ಗೋಣಿಚೀಲದ ಮಡಿಕೆ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿ ಮಲಗುವ ಗೋಣಿ ಸುಟ್ಟುಹಾಕಿ, ಹಳೆ ಸೀರೆ ಹಾಸಿ, ಎರಡು ದಿನಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಸಂದುಗಳಿಗೆ ಔಷಧಿ ಹೊಡೆಸುವಾಗ ಮಗು, ನಾಯಿ ಇಬ್ಬರೂ ಹೊರಗಿರಲಿ, ಒಣಗಿದ ಮೇಲೆ ಒಳಗೆ. ಉಣ್ಣೆಯನ್ನು ಉಗುರಲ್ಲಿ ಚಿವುಟಿ ಸಾಯಿಸಬೇಡಿ, ಚಿಮಟದಲ್ಲಿ ಕಿತ್ತು ಸೋಪಿನ ನೀರಿಗೆ ಹಾಕಿ.

ಕಿವಿ ಅಂಚು, ಮೊಣಕೈ, ಜೋರು ಕೆರೆತ ಅಂದರೆ ಸಾರ್ಕಾಪ್ಟಿಸ್ ಅನ್ನುವ ಸೂಕ್ಷ್ಮ ಹುಳದ ಕಜ್ಜಿ ಇರಬಹುದು. ಅದು ಮನುಷ್ಯರಿಗೂ ಸ್ವಲ್ಪ ದಿನ ತುರಿಕೆ ತರಿಸುತ್ತದೆ. ಡೆಮೊಡೆಕ್ಸ್ ಅನ್ನುವ ಇನ್ನೊಂದು ಹುಳದ ಕಜ್ಜಿ ಆಗಿದ್ದರೆ ಮನುಷ್ಯರಿಗೆ ಹರಡುವುದಿಲ್ಲ. ಚರ್ಮ ಕೆರೆದು ನೋಡುವ ತನಕ ಮಗುವನ್ನು ದೂರ ಇಡಿ, ಅತ್ತೆಯವರು ಹೇಳುವುದರಲ್ಲಿ ಅಷ್ಟು ನ್ಯಾಯ ಇದೆ. ಫ್ಲುರಾಲಾನರ್ ತರಹದ ತಿನ್ನಿಸುವ ಮಾತ್ರೆ ಉಣ್ಣೆ, ಕಜ್ಜಿ ಎರಡಕ್ಕೂ ಕೆಲಸ ಮಾಡುತ್ತದೆ, ಆದರೆ ನಾಯಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಬೆಲೆ ಜಾಸ್ತಿ. ಖರ್ಚು ಯಾರದ್ದು ಅಂತ ಶೆಲ್ಟರ್‌ನವರ ಹತ್ತಿರ ಇವತ್ತೇ ಮೆಸೇಜಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಸಾಲದು.

ಮೂಗಲ್ಲಿ ರಕ್ತ, ಟಾರಿನಂತೆ ಕಪ್ಪು ಮಲ, ಬಿಳಿಚಿದ ವಸಡು, ಇದರಲ್ಲಿ ಯಾವುದು ಕಂಡರೂ ಕಾಯಬೇಡಿ. ಇಲ್ಲಿ ಕೈಲಾಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಫೋನ್ ಮಾಡಿಕೊಂಡು ಹೊರಡಿ.

ಪ್ರಶ್ನೆ ಕೇಳಿದವರು:
ಆಯ್ತು ಸರ್, ಕ್ಯಾಂಪಿಗೆ ಬರಲ್ಲ ಅಂತ ಈಗಲೇ ಹೇಳಿದೆ. ಸ್ವಲ್ಪ ಮುನಿಸಿಕೊಂಡರು. ಆಪರೇಷನ್ ಯಾವಾಗ ಮಾಡಿಸಬಹುದು?

ಪಶುವೈದ್ಯರು:
ಕೋರ್ಸ್ ಮುಗಿದು, ರಕ್ತ ಪರೀಕ್ಷೆ ಸರಿ ಬಂದು, ನಾಯಿ ತೂಕ ಹಾಕಿದ ಮೇಲೆ. ಅಷ್ಟರೊಳಗೆ ಬೆದೆಗೆ ಬಂದರೆ ಬೀದಿಗೆ ಬಿಡಬೇಡಿ, ಬೆಲ್ಟ್ ಹಾಕಿಯೇ ಕರೆದುಕೊಂಡು ಹೋಗಿ.