ಭಯ ನಮ್ಮದು, ಬೇಲಿ ಮಕ್ಕಳಿಗೆ

ಹನ್ನೊಂದು ವರ್ಷದ ಮಗನನ್ನು ಶಾಲೆಗೆ ಒಬ್ಬನೇ ನಡೆದು ಹೋಗಲು ಬಿಡಬಹುದಾ ಅಂತ ನಮ್ಮ ಪೋಷಕರ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಹೆಚ್ಚಿನವರು ಬೇಡವೇ ಬೇಡ ಅಂದಿದ್ದೀರಿ. ನಾನು ಬಿಡಿ ಅನ್ನುತ್ತೇನೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಹಾಗೆ ಊರು ಬಿಟ್ಟು ಪರದೇಶಕ್ಕೆ ಬಂದವರಿಗೆ ಭಯ ಒಂದು ಪಾಲು ಜಾಸ್ತಿಯೇ. ಏನಾದರೂ ಆದರೆ ಓಡಿ ಬರಲು ಅಜ್ಜಿ ಇಲ್ಲ, ಮಾವ ಇಲ್ಲ. ಪಕ್ಕದ ಮನೆಯವರ ಹೆಸರೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೇಲಿಂದ ಕಾನೂನಿನ ಹೆದರಿಕೆ ಬೇರೆ. ಮಗು ಒಂಟಿಯಾಗಿ ಕಂಡರೆ ಯಾರೋ ದೂರು ಕೊಡುತ್ತಾರೆ, ಆಮೇಲೆ ನಮ್ಮ ಗತಿಯೇನು ಅನ್ನುವ ಯೋಚನೆ. ಈ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಕಾನೂನು ಏನು ಹೇಳುತ್ತದೆ ಅಂತ ಓದಿ ನೋಡಿದವರು ಕಡಿಮೆ. ಇಂಗ್ಲೆಂಡಿನಲ್ಲಿ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಲು ಇಂತಿಷ್ಟೇ ವಯಸ್ಸು ಆಗಿರಬೇಕು ಅನ್ನುವ ಕಾನೂನಿಲ್ಲ. ಮಗುವಿಗೆ ಅಪಾಯ ಆಗುವ ಹಾಗೆ ಬಿಟ್ಟರೆ ಮಾತ್ರ ಅಪರಾಧ. ಅಮೆರಿಕದ ಯೂಟಾ ರಾಜ್ಯ 2018ರಲ್ಲಿ ಕಾನೂನನ್ನೇ ತಿದ್ದಿತು. ತಿಳಿವಳಿಕೆ ಬಂದ ಮಗು ಒಬ್ಬನೇ ಶಾಲೆಗೆ ನಡೆದರೆ, ಪಾರ್ಕಿನಲ್ಲಿ ಆಡಿದರೆ ಅದು ನಿರ್ಲಕ್ಷ್ಯ ಅಲ್ಲ ಅಂತ ಬರೆದಿಟ್ಟಿತು. ನೀವಿರುವ ಕಡೆ ಏನಿದೆ ಅಂತ ಮೊದಲು ನೋಡಿಕೊಳ್ಳಿ. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ ಕೂರಬೇಡಿ.

ಈ ಹಿಂಜರಿಕೆ ನಮ್ಮವರದ್ದು ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಮಂದಿ ದೊಡ್ಡವರ ಜೊತೆ ಇಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರ ಹೊತ್ತಿಗೆ ಅದು 9ಕ್ಕೆ ಇಳಿದಿತ್ತು. ಆಗ ತಂದೆತಾಯಂದಿರು ಹೇಳಿದ ದೊಡ್ಡ ಕಾರಣ ರಸ್ತೆಯ ವಾಹನಗಳು. ಹಾಗಂತ ಎಲ್ಲರೂ ಮಕ್ಕಳನ್ನು ಕಾರಿನಲ್ಲಿ ಬಿಡಲು ಹೊರಟರೆ, ಶಾಲೆಯ ಮುಂದೆ ವಾಹನ ಇನ್ನೂ ಹೆಚ್ಚುತ್ತದೆ ಅಲ್ವಾ?

ಕಾಪಾಡಲು ಹೋಗಿ ಕೆಡಿಸುವುದು ಹೇಗೆ ಅನ್ನುವುದಕ್ಕೆ ನನ್ನ ಮನಸ್ಸಿಗೆ ಚೆನ್ನಾಗಿ ನಾಟಿದ್ದು ಕಡಲೆಕಾಯಿ ಅಲರ್ಜಿಯ ವಿಷಯ. 2000ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಅಲರ್ಜಿ ಬರುವ ಸಾಧ್ಯತೆ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದ ತನಕ ಕಡಲೆಕಾಯಿ ಕೊಡಬೇಡಿ ಅಂದಿತ್ತು. 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನ ಒಂದು ಅಧ್ಯಯನ ಬಂತು. ಅಲರ್ಜಿ ಬರುವ ಸಾಧ್ಯತೆ ಹೆಚ್ಚಿದ್ದ 640 ಹಸುಗೂಸುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವೈದ್ಯರ ನಿಗಾದಲ್ಲಿ ಕಡಲೆಕಾಯಿ ತಿನ್ನಿಸಿದರು, ಇನ್ನೊಂದನ್ನು ಪೂರ್ತಿ ದೂರ ಇಟ್ಟರು. ಐದು ವರ್ಷ ತುಂಬಿದಾಗ ದೂರ ಇಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 17 ಮಂದಿಗೆ ಅಲರ್ಜಿ ಬಂದಿತ್ತು. ತಿಂದವರಲ್ಲಿ ಸುಮಾರು 3 ಮಂದಿಗೆ. ದೇಹಕ್ಕೂ ಪರಿಚಯ ಬೇಕು. ಪರಿಚಯ ಆಗಲು ಬಿಡದಿದ್ದರೆ ಅದು ಸಣ್ಣದಕ್ಕೂ ಬೆಚ್ಚಿ ಬೀಳುತ್ತದೆ.

ಮನಸ್ಸಿನ ಭಯವೂ ಹಾಗೇ ಬೆಳೆಯುತ್ತದೆ. ಮೊನ್ನೆ ಲೈಬ್ರರಿಯಲ್ಲಿ ನೋಡಿದೆ. ಹತ್ತು ವರ್ಷ ಇರಬಹುದು, ಒಬ್ಬ ಹುಡುಗಿ ಪುಸ್ತಕ ಹಿಡಿದು ಕೌಂಟರ್ ಮುಂದೆ ನಿಂತಿದ್ದಳು. ಅಲ್ಲಿದ್ದಾಕೆ ಕಾರ್ಡ್ ಇದೆಯಾ ಮರಿ ಅಂತ ಕೇಳಿದರು. ಹುಡುಗಿ ಬಾಯಿ ತೆರೆದಿದ್ದಳು, ಉಸಿರೂ ಎಳೆದುಕೊಂಡಿದ್ದಳು. ಅಷ್ಟರಲ್ಲಿ ಹಿಂದಿನಿಂದ ಅಮ್ಮ ಉತ್ತರ ಕೊಟ್ಟಾಯಿತು. ಹೆಸರು ಕೇಳಿದಾಗಲೂ ಅಮ್ಮನೇ ಹೇಳಿದರು. ಮಗಳು ಪುಸ್ತಕವನ್ನು ಅಲ್ಲೇ ಇಟ್ಟು ಅಮ್ಮನ ಹಿಂದೆ ಸರಿದಳು. ಎರಡು ಸೆಕೆಂಡು ಕಾಯುವಷ್ಟು ತಾಳ್ಮೆ ಇದ್ದಿದ್ದರೆ ಆ ಮಗು ಮಾತಾಡುತ್ತಿತ್ತು. ಅಮ್ಮನ ಪ್ರೀತಿಯಲ್ಲಿ ಏನೂ ಕೊರತೆ ಇರಲಿಲ್ಲ. ಆದರೆ ನಿನ್ನಿಂದ ಇದು ಆಗಲ್ಲ ಅನ್ನುವುದನ್ನೇ ಮಗಳು ಅಲ್ಲಿ ಕೇಳಿಸಿಕೊಂಡಳು.

ಮಗು ಹೆದರಿದ್ದನ್ನು ನಾವು ಎದುರಿನಿಂದ ತೆಗೆದುಬಿಟ್ಟರೆ ಆ ಕ್ಷಣಕ್ಕೆ ಇಬ್ಬರಿಗೂ ಹಾಯೆನಿಸುತ್ತದೆ. ಆ ಹಾಯೇ ಭಯಕ್ಕೆ ಗೊಬ್ಬರ. ಮುಂದಿನ ಸಲ ಭಯ ಬೇಗ ಬರುತ್ತದೆ, ಹೆಚ್ಚಾಗಿ ಬರುತ್ತದೆ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೋವಿಟ್ಸ್ ಅವರ ತಂಡ ಇದನ್ನು ಹಿಡಿದೇ ಒಂದು ಚಿಕಿತ್ಸೆ ಮಾಡಿದೆ. ಆತಂಕ ಇರುವ ಮಗುವನ್ನು ಚಿಕಿತ್ಸಕರು ಕರೆಯುವುದೇ ಇಲ್ಲ. ತಂದೆತಾಯಿಗೆ ಮಾತ್ರ ತರಬೇತಿ. ನಿನಗೆ ಕಷ್ಟ ಆಗುತ್ತಿದೆ ಅಂತ ಗೊತ್ತು, ನೀನು ಇದನ್ನು ದಾಟುತ್ತೀಯ ಅಂತಲೂ ಗೊತ್ತು ಅಂತ ಮಗುವಿಗೆ ಹೇಳಿ, ಅದರ ಪರವಾಗಿ ಮಾಡುವುದನ್ನು ಮೆಲ್ಲಗೆ ನಿಲ್ಲಿಸುವುದು. ಮಗುವಿಗೇ ನೇರವಾಗಿ ಕೊಡುವ ಚಿಕಿತ್ಸೆಯಷ್ಟೇ ಇದೂ ಕೆಲಸ ಮಾಡಿದೆ.

ನಿಜವಾದ ಅಪಾಯಗಳ ವಿಷಯದಲ್ಲಿ ನಾನು ಒಂಚೂರೂ ಸಡಿಲ ಬಿಡುವವಳಲ್ಲ. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ನೀರಿನಲ್ಲಿ ಮುಳುಗುವುದು. ನೀರಿನ ಹತ್ತಿರ ಪುಟ್ಟ ಮಗುವಿನ ಮೇಲಿಂದ ಕಣ್ಣು ತೆಗೆಯಬಾರದು. ಕಾರಿನ ಸೀಟ್ ಬೆಲ್ಟ್, ಸೈಕಲ್ ಹೆಲ್ಮೆಟ್ ವಿಷಯದಲ್ಲಿ ಚರ್ಚೆಯೇ ಇಲ್ಲ. ಅಪರಿಚಿತರು ಮಗುವನ್ನು ಎತ್ತಿಕೊಂಡು ಹೋಗುವ ಸುದ್ದಿ ನಮ್ಮ ನಿದ್ದೆ ಕೆಡಿಸುತ್ತದೆ, ಆದರೆ ಅದು ತುಂಬಾ ಅಪರೂಪ. ಭಯ ಪಡುವ ಶಕ್ತಿಯನ್ನು ಎಲ್ಲಿ ಖರ್ಚು ಮಾಡಬೇಕೋ ಅಲ್ಲಿ ಮಾಡೋಣ.

ಈಗ ಆ ಹನ್ನೊಂದು ವರ್ಷದ ಹುಡುಗನ ವಿಷಯ. ನಾಳೆಯಿಂದಲೇ ಒಬ್ಬನನ್ನೇ ಕಳಿಸಿ ಅಂತಲ್ಲ. ಮೊದಲ ಒಂದೆರಡು ವಾರ ಜೊತೆಗೆ ನಡೆಯಿರಿ, ಆದರೆ ದಾರಿ ಅವನು ತೋರಿಸಲಿ. ರಸ್ತೆ ಯಾವಾಗ ದಾಟಬೇಕು ಅಂತ ಅವನೇ ಹೇಳಲಿ, ನೀವು ಸುಮ್ನೆ ನಿಂತು ನೋಡಿ. ಆಮೇಲೆ ಇಪ್ಪತ್ತು ಹೆಜ್ಜೆ ಹಿಂದೆ ಬನ್ನಿ. ಆಮೇಲೆ ಅರ್ಧ ದಾರಿಯಲ್ಲಿ ನಿಂತುಬಿಡಿ. ನಿಮ್ಮ ಫೋನ್ ನಂಬರ್ ಅವನಿಗೆ ಬಾಯಿಪಾಠ ಆಗಿರಲಿ. ದಾರಿ ತಪ್ಪಿದರೆ ಯಾರನ್ನು ಕೇಳಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಅವನು ಹೊರಟ ಮೇಲೆ ಫೋನಿನ ಮ್ಯಾಪಿನಲ್ಲಿ ಅವನ ಚುಕ್ಕಿ ಎಲ್ಲಿದೆ ಅಂತ ನೋಡುತ್ತಾ ಕೂರಬೇಡಿ. ಇದು ಹೇಳಿದಷ್ಟು ಸುಲಭ ಅಲ್ಲ, ಗೊತ್ತು.

ಒಂದೇ ಶಾಲೆಗೆ ಮಕ್ಕಳನ್ನು ಕಳಿಸುವ ಮೂರು ನಾಲ್ಕು ಮನೆಯವರು ನಮ್ಮಲ್ಲೇ ಇದ್ದೀರಿ. ಆ ಮಕ್ಕಳು ಒಟ್ಟಿಗೆ ನಡೆದು ಹೋಗುವ ಹಾಗೆ ಮಾಡೋಣವಾ? ಒಪ್ಪುವವರು ತಿಳಿಸಿ. ಶನಿವಾರ ಮಕ್ಕಳನ್ನೂ ಕರೆದುಕೊಂಡು ಬನ್ನಿ, ದಾರಿಯನ್ನು ಅವರೇ ಆರಿಸಲಿ.