ಹಳೇ ಪಿಕಪ್ ವೀಲ್ ಬೇರಿಂಗ್: ಗ್ರೀಸ್ ಸಾಕಾ, ಬದಲಿಸಬೇಕಾ?

ನವನಗರ ಪಿಕಪ್: ಗಾಡಿ 2008ರದು. ವೇಗ ಐವತ್ತು ದಾಟಿದರೆ ಎಡ ಮುಂದಿನ ಚಕ್ರ ಗುಂಯ್ ಅನ್ನುತ್ತದೆ. ವಾರಕ್ಕೆ ಮೂರು ಸಲ ಅಮರಗೋಳ ಎಪಿಎಂಸಿಗೆ ಈರುಳ್ಳಿ ಲೋಡು. ಬೇರಿಂಗ್ ತೊಳೆದು ಗ್ರೀಸ್ ಹಾಕಿಸಿದರೆ ಸಾಕಾ, ಹೊಸದೇ ಬೇಕಾ? ಅನುಭವ ಇದ್ದವರು ಹೇಳ್ರಿ.

ಬ್ಯಾಡಗಿ ಲೋಡು: ಸೀಸನ್ ಮುಗಿಯಲಿ, ಆಮೇಲೆ ನೋಡೋಣ ಅಂತ ನಾನೂ ಬಿಟ್ಟಿದ್ದೆ. ಫೆಬ್ರವರಿಯಲ್ಲಿ ಕುಂದಗೋಳದಿಂದ ಮೆಣಸಿನಕಾಯಿ ತುಂಬಿಕೊಂಡು ಹೊರಟೆ. ಹಾವೇರಿ ದಾಟಿ ಮೋಟೆಬೆನ್ನೂರು ಹತ್ತಿರ ಸುಟ್ಟ ವಾಸನೆ. ಇಳಿದು ಚಕ್ರದ ನಡುವಿನ ಹಬ್ ಮೇಲೆ ನೀರು ಚೆಲ್ಲಿದರೆ ಚುರ್ ಅಂತು. ಬೇರಿಂಗಿನ ಒಳಗಿನ ರೇಸ್, ಅಂದರೆ ರೋಲರ್ ಉರುಳುವ ಉಕ್ಕಿನ ಬಳೆ, ಹಬ್ ಕೂರುವ ಸ್ಟಬ್ ಆಕ್ಸಲ್‌ಗೆ ಕಚ್ಚಿಕೊಂಡು ನೀಲಿಗಟ್ಟಿತ್ತು. ಚೀಲ ಬೇರೆ ಗಾಡಿಗೆ ಹಾಕಿಸಿದ್ದು 2,200. ಎಳೆಸಿಕೊಂಡು ಬಂದಿದ್ದು 1,800. ಸ್ಟಬ್ ಆಕ್ಸಲ್, ಹಬ್, ಬೇರಿಂಗ್, ಸೀಲ್, ಕೂಲಿ ಸೇರಿ 11,650. ಅವತ್ತಿನ ಮಾರ್ಕೆಟ್ ತಪ್ಪಿತು, ಅದರ ಲೆಕ್ಕ ಬೇರೆ. ಮೊದಲೇ ಹಾಕಿಸಿದ್ದರೆ ಎರಡು ಸಾವಿರದೊಳಗೆ ಮುಗಿಯುತ್ತಿತ್ತು.

ಗದಗ ಸ್ವಂತ ಕೈ: ಹಿಂಗೆ ಹೆದರಿಸಬೇಡ್ರಿ. ಹದಿನಾಲ್ಕು ವರ್ಷದಿಂದ ಈ ಕೆಲಸಕ್ಕೆ ನಾನು ಗ್ಯಾರೇಜ್ ಮೆಟ್ಟಿಲು ಹತ್ತಿಲ್ಲ. 20,000 ಕಿಮೀಗೊಮ್ಮೆ ಬಿಚ್ಚುತ್ತೇನೆ. ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ, ಅಂಗೈ ಮೇಲೆ ಗ್ರೀಸ್ ಇಟ್ಟು ಬೇರಿಂಗಿನ ಅಗಲದ ಬದಿಯನ್ನು ಅದಕ್ಕೆ ಒತ್ತುತ್ತಾ ಹೋಗಬೇಕು. ಶಾವಿಗೆ ಒತ್ತಿದ ಹಾಗೆ ರೋಲರ್ ಸಂದಿಯಿಂದ ಆ ಕಡೆ ಗ್ರೀಸ್ ಏಳಬೇಕು. ಮೇಲೆ ಮೇಲೆ ಸವರಿದ್ದು ಬರೀ ಸ್ನೋ ಪೌಡರ್. ನಟ್ ಬಿಗಿ ಮಾಡುವಾಗ ಹಬ್ ತಿರುಗಿಸುತ್ತಿರಬೇಕು. ಆಮೇಲೆ ಸಡಿಲಿಸಿ, ಬೆರಳಲ್ಲಿ ಕೂರಿಸಿ, ನಟ್ ತಿರುಗದ ಹಾಗೆ ಹೊಸ ಸ್ಪ್ಲಿಟ್ ಪಿನ್. ನನ್ನ ಅಳಿಯ ಪಾನಾ ಮೇಲೆ ನಿಂತು ಬಿಗಿ ಮಾಡಿದ್ದ. ಲಕ್ಕುಂಡಿ ಮುಟ್ಟುವುದರೊಳಗೆ ಹಬ್ ಕಾದ ಹಂಚಾಗಿತ್ತು.

ಬ್ಯಾಡಗಿ ಲೋಡು: ಸದ್ದು ಬಂತು ಅಂದರೆ ರೇಸಿನಲ್ಲಿ ಕುಳಿ ಬಿದ್ದಿರುತ್ತದೆ ಸರ್. ಕುಳಿಗೆ ಗ್ರೀಸ್ ತುಂಬಿದರೆ ನಾಲ್ಕು ದಿನ ಸುಮ್ಮನಿರುತ್ತದೆ, ಅಷ್ಟೇ.

ಗದಗ ಸ್ವಂತ ಕೈ: ಬಿಚ್ಚದೇ ನಿಮಗೆ ಕುಳಿ ಹೇಗೆ ಕಂಡಿತು?

ಲಕ್ಷ್ಮೇಶ್ವರ: ನನಗೆ ಮಿಸ್ತ್ರಿ ರೋಲರ್ ಇರುವ ಭಾಗ ಮಾತ್ರ ಹೊಸದು ಹಾಕಿದ. ಹಬ್ಬಿನೊಳಗಿನ ಹಳೇ ಕಪ್, ಅಂದರೆ ಹೊರಗಿನ ರೇಸ್, ಹಾಗೇ ಬಿಟ್ಟ. ಮೂರೇ ತಿಂಗಳು. 1,900 ನೀರಿಗೆ ಹೋಯಿತು. ಕೇಳಿದರೆ, ಕಪ್ ಚೆನ್ನಾಗಿತ್ತು ಅಂತಾನೆ. ನಾನು ಚಹಾಕ್ಕೆ ಹೋದಾಗ ಮಾಡಿದ್ದು. ಈಗ ಎದುರಿಗೇ ನಿಲ್ಲುತ್ತೇನೆ.

ಹಾವೇರಿ ಹಳಬ: ಎರಡೂ ಕಡೆ ಬೇರಿಂಗ್ ಬದಲಿಸಿ 3,900 ಕಳೆದುಕೊಂಡ ಮೇಲೆ ಗೊತ್ತಾಯಿತು, ಸದ್ದು ಟೈರಿಂದು. ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಸ್ವಲ್ಪ ಬಲಕ್ಕೆ ಎಳೆದರೆ ಭಾರ ಎಡಕ್ಕೆ ಬೀಳುತ್ತದೆ. ಗುಂಯ್ ಜಾಸ್ತಿ ಆದರೆ ಎಡ ಬೇರಿಂಗ್. ಹಾಗೇ ಇದ್ದರೆ ಟೈರ್ ನೋಡಿ. ಅಂದ ಹಾಗೆ ಬ್ಯಾಡಗಿಯವರೇ, ಅವತ್ತು ಎಷ್ಟು ಚೀಲ ಹೇರಿದ್ದಿರಿ?

ಬ್ಯಾಡಗಿ ಲೋಡು: ಒಣ ಮೆಣಸಿನಕಾಯಿ ನೋಡೋಕೆ ಎತ್ತರ, ತೂಕ ಎಲ್ಲಿದೆ? ಸುಮ್ನೆ ಓವರ್‌ಲೋಡ್ ಅನ್ನಬೇಡಿ. ಈರುಳ್ಳಿಯವರನ್ನು ಕೇಳಿ.

ಗದಗ ಸ್ವಂತ ಕೈ: ಈರುಳ್ಳಿ ತಂಟೆಗೆ ಯಾಕೆ ಬಂದಿರಿ? ಹಬ್ ಸುಟ್ಟುಕೊಂಡವರು ನೀವು.

ನವನಗರ ಪಿಕಪ್: ಬಲಕ್ಕೆ ಎಳೆದು ನೋಡಿದೆ. ಗುಂಯ್ ಜಾಸ್ತಿ ಆಯಿತು. ನಾಳೆ ಬಿಚ್ಚಿಸುತ್ತೇನೆ. ಬಲಗಡೆಯದೂ ಬಿಚ್ಚಿಸಬೇಕಾ?

ಲಕ್ಷ್ಮೇಶ್ವರ: ಚಹಾಕ್ಕೆ ಹೋಗಬೇಡಿ.